ಹಿಂದಿನಿಂದ ಕಂಡ ಹೆಂಗಸು

ಸಾಲ್ತೊ
ಸೋಮವಾರ, 9 ಆಗಸ್ಟ್ 1993

ನನ್ನ ಮುದ್ದು ಮಾಯ್ತೆ,

ಶುಕ್ರವಾರ ನೀನು ಫೋನ್ ಮಾಡಿ, "ಹೇಗಾಯ್ತಮ್ಮಾ? ಜನ ಬಂದಿದ್ರಾ?" ಎಂದು ಕೇಳಿದೆ. ನಾನು, "ಏನೋ ಸುಮಾರಾಗಿ ಆಯ್ತು ಕಣೇ, ಚಳಿ ಬೇರೆ, ಜನ ಕಡಿಮೆ" ಎಂದೆ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಜನವೂ ಕಡಿಮೆ ಇರಲಿಲ್ಲ. ಬಾಸ್ಕ್ ವಲಸಿಗರ ಸಂಘದ ಸಭಾಂಗಣ ಕಿಕ್ಕಿರಿದಿತ್ತು, ಹೈಸ್ಕೂಲಿನ ಹುಡುಗಿಯರು ಮೆಟ್ಟಿಲ ಮೇಲೆ ಕೂತಿದ್ದರು. ಹೆಚ್ಚಿನವರು ನಿನ್ನ ಚಿತ್ರ ನೋಡಲೆಂದೇ ಬಂದವರು.

ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಅಲ್ಲಿ ರಾಜಧಾನಿ ಮಾಂಟೆವಿಡಿಯೊದಲ್ಲಿದ್ದರೂ ಇಲ್ಲಿ ನಡೆದದ್ದು ನಿನ್ನ ಕಿವಿಗೆ ಬೀಳದೆ ಇರುವುದಿಲ್ಲ. ಈ ಊರಿನವರು ಯಾವ ಸುದ್ದಿಯನ್ನೂ ಉಪ್ಪುಖಾರ ಹಚ್ಚದೆ ಕಳಿಸುವವರಲ್ಲ. ಅವರಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ನಿನ್ನ ಚಿತ್ರ ಸೋತಿತು. ಸೋಲಿಸಿದವಳು ನಾನು.

ನಮ್ಮ ಸಿನಿಮಾ ಸಂಘದ ಪದ್ಧತಿ ನಿನಗೆ ಹೊಸದಲ್ಲ. ಆಗಸ್ಟಿನ ಮೊದಲ ಗುರುವಾರ ಈ ಕಡೆಯ ಇಬ್ಬರು ನಿರ್ದೇಶಕರ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ, ದೀಪ ಹಾಕಿ, ಎರಡನ್ನೂ ತೂಗಿ ನೋಡುತ್ತೇವೆ. ಆಮೇಲೆ ಜನ ಬಾಗಿಲ ಬಳಿಯ ಎರಡು ಬಿಸ್ಕತ್ತು ಡಬ್ಬಿಗಳಲ್ಲಿ ಒಂದಕ್ಕೆ ತಮ್ಮ ಟಿಕೆಟ್ಟಿನ ತುಂಡು ಹಾಕಿ ಮನೆಗೆ ಹೋಗುತ್ತಾರೆ. ಗೆದ್ದ ಚಿತ್ರ ಮಾತ್ರ ರಾಜಧಾನಿಯ ವಾರ್ಷಿಕ ಪ್ರದರ್ಶನಕ್ಕೆ ಹೋಗುತ್ತದೆ. ಸೋತದ್ದು ತಗಡಿನ ಪೆಟ್ಟಿಗೆಯಲ್ಲಿ ಮಲಗುತ್ತದೆ, ಅದನ್ನು ಕೊಳ್ಳುವವರಿರಲಿ, ಕೇಳುವವರೂ ಇರುವುದಿಲ್ಲ. ಮದುವೆಮನೆಗಳ ವಿಡಿಯೊ ತೆಗೆದು ತೆಗೆದು ದುಡ್ಡು ಕೂಡಿಸಿ ನೀನು ಮಾಡಿದ ಚಿತ್ರ ಅದು. ಇದೆಲ್ಲ ಗೊತ್ತಿದ್ದೇ ನಾನು ವೇದಿಕೆ ಹತ್ತಿದ್ದೆ.

ಈ ಸಲ ನಾನು ಹತ್ತುವುದು ಬೇಡವೆಂದು ಕಾರ್ಯದರ್ಶಿ ವಾಲ್ಟೆರ್ ಮೊದಲೇ ಹೇಳಿದ್ದ. ಯೆರ್ಬಾ ಎಲೆಯ ಚಹಾದ ಬುರುಡೆಗೆ ಬಿಸಿನೀರು ಸುರಿದು ನನ್ನ ಕೈಗೆ ಕೊಡುತ್ತಾ, "ದೋನ್ಯಾ ಮಿರ್ತಾ, ಮಗಳ ಚಿತ್ರ ಇದೆಯಲ್ಲಾ, ಚರ್ಚೆ ಡಾಕ್ಟರ್ ಬೆರ್ರೂತಿ ನಡೆಸ್ಲಿ. ನೀವು ಮುಂದಿನ ಸಾಲಲ್ಲಿ ಕೂತು ಆರಾಮಾಗಿ ಕಣ್ಣೀರು ಹಾಕಿ" ಅಂದ. ನನಗೆ ಎಲ್ಲಿತ್ತೋ ಗತ್ತು. "ಪರದೆ ಮೇಲೆ ಬೆಳಕು ಬಿತ್ತು ಅಂದ್ರೆ ನಂಗೆ ಮಗಳೂ ಇಲ್ಲ, ಬಳಗಾನೂ ಇಲ್ಲ ಕಣಯ್ಯಾ. ಹಲ್ಲು ಕೀಳೋ ಡಾಕ್ಟರ್ ಕೈಗೆ ಸಿನಿಮಾ ಕೊಡ್ತೀಯಾ?" ಎಂದೆ. ವಾಲ್ಟೆರ್ ಈ ಮಾತನ್ನು ಊರಿಡೀ ಹಂಚಿದ. ಮಾಂಸದಂಗಡಿಯವನೂ, "ಮಿರ್ತಾ ಅಂದ್ರೆ ಮಿರ್ತಾನೇ, ಸ್ವಂತ ಮಗಳನ್ನೂ ಬಿಡಲ್ವಂತೆ" ಎಂದು ನನಗೇ ಹೇಳಿದ. ಕೇಳಲು ಹಿತವಾಗಿತ್ತು, ಮಾಯ್ತೆ. ಆ ಹಿತವನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ಮೊದಲು ಬ್ರೂನೊನ ಚಿತ್ರ. ನೀನೂ ನೋಡಿದ್ದೀಯ. ಹೆಂಡತಿ ಸತ್ತ ಮೇಲೆ ಮುದುಕನೊಬ್ಬ ದಿನವೂ ದೋಣಿಕಟ್ಟೆಗೆ ಬಂದು, ನದಿಯ ಎದುರುದಡದ ಕೊಂಕೋರ್ದಿಯಾಗೆ ಟಿಕೆಟ್ ತೆಗೆಸಿ, ಹತ್ತದೆ ವಾಪಸು ಹೋಗುತ್ತಾನೆ. ಬ್ರೂನೊ ಕ್ಯಾಮೆರಾವನ್ನು ದೂರದಲ್ಲಿ ನೆಟ್ಟು ಮರೆತುಬಿಟ್ಟವನ ಹಾಗೆ ಇರುತ್ತಾನೆ. ಜನ ಬರುತ್ತಾರೆ, ಹೋಗುತ್ತಾರೆ, ನಾಯಿಯೊಂದು ಬಂದು ಮಲಗುತ್ತದೆ. ಮುದುಕನ ದುಃಖವನ್ನು ನಾವೇ ಹುಡುಕಿಕೊಳ್ಳಬೇಕು. ಅವನು ಕೊನೆಗೆ ದೋಣಿ ಹತ್ತುವನೋ ಇಲ್ಲವೋ ಎನ್ನುವಾಗಲೇ ಚಿತ್ರ ಮುಗಿಯುತ್ತದೆ. ಅದು ಒಳ್ಳೆಯ ಚಿತ್ರ. ಹಾಗೆಂದು ಗುರುವಾರ ಹೇಳಿದೆ, ಈಗಲೂ ಹೇಳುತ್ತೇನೆ. ಆ ನಾಯಿಯ ಶಾಟ್ ನಿನ್ನಿಂದ ಆಗುತ್ತಿರಲಿಲ್ಲ, ಕಾಯುವುದು ನಿನಗೆ ಬಾರದು. ನೋಡಿದೆಯಾ, ಇಲ್ಲೂ ನನ್ನ ಟೀಕೆ ಶುರು ಮಾಡಿದೆ.

ಆಮೇಲೆ ನಿನ್ನದು. ಒಂಬತ್ತು ವರ್ಷದ ಹುಡುಗಿ, ಅವಳ ಎತ್ತರಕ್ಕೇ ಇಳಿದ ಕ್ಯಾಮೆರಾ, ಮೇಜಿನ ಕಾಲುಗಳು, ಬಾಗಿಲ ಹಿಡಿಕೆಗಳು. ಅವಳ ಅಮ್ಮ ಸಿನಿಮಾಗಳ ಬಗ್ಗೆ ಬರೆಯುವವಳು. ಆ ಅಮ್ಮನ ಮುಖ ಇಡೀ ಚಿತ್ರದಲ್ಲಿ ಕಾಣುವುದಿಲ್ಲ. ಬೆನ್ನು ಕಾಣುತ್ತದೆ, ಕತ್ತು ಕಾಣುತ್ತದೆ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ ಕಾಣುತ್ತದೆ. ಮಗಳು ಏನು ಹೇಳಲು ಬಂದರೂ ಆ ಬೆನ್ನು, "ಹೂಂ, ಆಮೇಲೆ?" ಎನ್ನುತ್ತದೆ.

ನಾನು ಮೈಕ್ ಹಿಡಿದು ಇದನ್ನು ಒಂದು ಚಮತ್ಕಾರ ಎಂದೆ. ಬ್ರೂನೊ ಪ್ರೇಕ್ಷಕರನ್ನು ನಂಬಿ ದೂರ ನಿಲ್ಲುತ್ತಾನೆ, ಈ ನಿರ್ದೇಶಕಿ ನಂಬದೆ ನಮ್ಮ ಕತ್ತು ಹಿಡಿದು ತೋರಿಸುತ್ತಾಳೆ ಎಂದೆ. ಮುಖ ತೋರಿಸದಿದ್ದ ಮಾತ್ರಕ್ಕೆ ಪಾತ್ರ ಆಳವಾಗುವುದಿಲ್ಲ, ತಾಯಿಯನ್ನು ಬರೆಯಲು ಬಾರದವರು ಅವಳ ಬೆನ್ನು ತೋರಿಸಿ ತಪ್ಪಿಸಿಕೊಳ್ಳುತ್ತಾರೆ ಎಂದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಅದು ನನಗೆ ಇನ್ನಷ್ಟು ಹುರುಪು ಕೊಟ್ಟಿತು.

ಆಮೇಲೆ ಆ ಅಡುಗೆಮನೆಯ ದೃಶ್ಯಕ್ಕೆ ಬಂದೆ. ಹುಡುಗಿ ಬೀದಿಯಿಂದ ಓಡಿ ಬರುತ್ತಾಳೆ. ಅಪ್ಪ ಸೂಟ್‌ಕೇಸ್ ಹಿಡಿದು ದೋಣಿಕಟ್ಟೆಗೆ ಹೋದ ಎಂದು ಬಿಕ್ಕುತ್ತಾ, ತೊದಲುತ್ತಾ, ಹಿಂದುಮುಂದಾಗಿ ಹೇಳುತ್ತಾಳೆ. ಮೇಜಿನ ಮುಂದೆ ಬರೆಯುತ್ತಿದ್ದ ಬೆನ್ನು ತಿರುಗುವುದಿಲ್ಲ. "ಹೀಗೆ ಮಧ್ಯದಿಂದ ಹೇಳಿದ್ರೆ ಯಾರಿಗೆ ತಿಳಿಯುತ್ತೆ? ಹೊರಗೆ ಹೋಗಿ ಮತ್ತೆ ಬಾ. ಮೊದಲು ಏನು ಕಂಡೆ, ಅಲ್ಲಿಂದ ಶುರು ಮಾಡು" ಎನ್ನುತ್ತದೆ. ಹುಡುಗಿ ಹೊರಗೆ ಹೋಗಿ, ಮೂಗು ಒರೆಸಿಕೊಂಡು, ಮತ್ತೆ ಬಂದು ಎಲ್ಲವನ್ನೂ ಕ್ರಮವಾಗಿ ಹೇಳುತ್ತಾಳೆ. "ಈಗ ಸರಿ ಹೋಯ್ತು" ಎನ್ನುತ್ತದೆ ಬೆನ್ನು. ಹುಡುಗಿ ಹೊರಗೆ ಹೋಗಿ ಒಳಗೆ ಬರುವ ಆ ನಡುವೆಯೇ ದೋಣಿಯ ಸೈರನ್ ಕೇಳಿರುತ್ತದೆ.

"ಇದು ಸುಳ್ಳು" ಎಂದೆ ನಾನು. ಅದೇ ಮಾತಿನಲ್ಲಿ ಎಂದೆ. ಯಾವ ತಾಯಿಯೂ ಅಳುವ ಮಗುವಿಗೆ ಹೀಗೆ ಹೇಳುವುದಿಲ್ಲ, ಇದು ಬದುಕಿನಿಂದ ಬಂದ ಮಾತಲ್ಲ, ಚಿತ್ರಕಥೆ ಬರೆಯುವವರ ಜಾಣತನ, ಸೈರನ್ ಅಂತೂ ಅಗ್ಗದ ಅಳುಬುರುಕ ತಂತ್ರ, ಎಂದೆ. ಅಂಥ ಹೆಂಗಸು ಎಲ್ಲಿಯಾದರೂ ಇದ್ದರೆ ತೋರಿಸಿ, ಎಂದೂ ಕೇಳಿದೆ.

ಡಾಕ್ಟರ್ ಬೆರ್ರೂತಿ ನಿಧಾನವಾಗಿ ಎದ್ದರು. ನನ್ನ ಜೊತೆ ಜಗಳವಾಡಿಯೇ ಅವರ ತಲೆಗೂದಲು ಬೆಳ್ಳಗಾಗಿದ್ದು. ಎಂದಿನಂತೆ ಕೈ ಬೀಸಿ ಮಾತಾಡಲಿಲ್ಲ, ರೋಗಿಯ ಬಾಯಿಗೆ ಸೂಜಿ ಚುಚ್ಚುವ ಮುಂಚೆ ಮಾತಾಡುವ ಹಾಗೆ ಮೆತ್ತಗೆ ಮಾತಾಡಿದರು. "ಮಿರ್ತಾ, ಇಂಥ ಹೆಂಗಸು ಎಲ್ಲೂ ಇಲ್ಲ ಅಂತ ಆಗಿಂದ ಹೇಳ್ತಾ ಇದ್ದೀರಿ. ನಾವೆಲ್ಲ ಪ್ರತಿ ಗುರುವಾರ ಅವರ ಜೊತೆಗೇ ಕೂತು ಸಿನಿಮಾ ನೋಡ್ತೀವಲ್ಲಾ."

"ಡಾಕ್ಟರೇ, ನೀವು ಹಲ್ಲು ನೋಡಿ, ಸಿನಿಮಾ ನಾನು ನೋಡ್ಕೋತೀನಿ" ಎಂದೆ. ಬೇರೆ ದಿನವಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಯಾರೂ ನಗಲಿಲ್ಲ. ಎದುರಿಗಿದ್ದವರೆಲ್ಲ ನನ್ನ ತಲೆಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ತುರುಬಿಗೆ ಕೈ ಹಾಕಿ ನೋಡಿದೆ, ಪೆನ್ಸಿಲ್ ಅಲ್ಲೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಮಾತು ನಿಲ್ಲಿಸಲಿಲ್ಲ, ಬ್ರೂನೊನ ಬೆಳಕಿನ ಬಗ್ಗೆ ಏನೇನೋ ಹೇಳಿ ಮುಗಿಸಿದೆ.

ಡಬ್ಬಿ ತೆರೆದಾಗ ಸ್ವಲ್ಪದರಲ್ಲೇ ಬ್ರೂನೊ ಗೆದ್ದಿದ್ದ. ನನ್ನ ಮಾತು ಕೇಳಿ ಆ ಡಬ್ಬಿಗೆ ಹಾಕಿದವರು ಎಷ್ಟು ಜನರೋ. ಬ್ರೂನೊ ನನಗೆ ಕೈ ಕೂಡ ಕೊಡಲಿಲ್ಲ. "ನಿಮ್ಮ ಮಗಳ ಚಿತ್ರ ಹೋಗಬೇಕಿತ್ತು, ದೋನ್ಯಾ ಮಿರ್ತಾ" ಎಂದು ಹೇಳಿ ಟೋಪಿ ಹಾಕಿಕೊಂಡು ಹೊರಟ. ಗೆದ್ದ ಹುಡುಗನ ಮುಖ ಅಷ್ಟು ಸಪ್ಪಗಿದ್ದದ್ದನ್ನು ನಾನು ನೋಡಿರಲಿಲ್ಲ.

ನೀನು ಕೇಳುತ್ತೀಯ, ನಿಜವಾಗಿಯೂ ಗುರುತು ಸಿಗಲಿಲ್ಲವೇ ಅಮ್ಮಾ ಎಂದು. ಸಿಗಲಿಲ್ಲ ಮಗಳೇ. ತನ್ನ ಬೆನ್ನನ್ನು ತಾನು ಯಾರು ನೋಡಿದ್ದಾರೆ? ನಾನು ಶಾಟ್‌ಗಳನ್ನು ನೋಡುತ್ತಿದ್ದೆ, ಎಲ್ಲಿ ಕತ್ತರಿಸಿದ್ದೀಯ, ಎಲ್ಲಿ ಸಂಗೀತ ಹೆಚ್ಚಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಕತೆಯೊಳಗೆ ಯಾರಿದ್ದಾರೆಂದು ನೋಡುವುದೇ ಮರೆತುಹೋಯಿತು. ಇಷ್ಟು ವರ್ಷ ಸಿನಿಮಾ ನೋಡುವುದು ಹೇಗೆಂದು ಊರಿಗೆಲ್ಲ ಪಾಠ ಹೇಳಿದವಳಿಗೆ ಇಂಥ ಕುರುಡು. ಪಕ್ಷಪಾತಿ ಅನ್ನಿಸಿಕೊಳ್ಳಬಾರದೆಂಬ ಭಯ ಬೇರೆ. ಆ ಭಯದಲ್ಲಿ ನ್ಯಾಯದ ಗೆರೆ ದಾಟಿ ಆಚೆ ಕಡೆ ಬಿದ್ದೆ.

ಸರಿಪಡಿಸಲು ಒಂದು ದಾರಿ ಇದೆ. ಚರ್ಚೆ ನಡೆಸಿದವರು ತಮ್ಮ ವಾದ ತಪ್ಪಾಗಿತ್ತೆಂದು ಸಭೆಯ ಮುಂದೆ ಕಾರಣ ಕೊಟ್ಟರೆ, ಚಿತ್ರವನ್ನು ಮತ್ತೆ ತೋರಿಸಿ ಮತ್ತೆ ಡಬ್ಬಿ ಇಡಬಹುದು. ಸಂಘ ಹುಟ್ಟಿದಂದಿನಿಂದ ಯಾರೂ ಹಾಗೆ ಕೇಳಿಲ್ಲ, ನಾವೆಲ್ಲ ಅಷ್ಟು ಸರಿಯಾದ ಜನ. ನಿನ್ನೆ ವಾಲ್ಟೆರ್ ಮನೆಗೆ ಹೋಗಿ ಕೇಳಿದೆ. ಪ್ರೊಜೆಕ್ಟರಿನ ದೀಪ ಮಂಕಾಗಿತ್ತು, ನಿನ್ನ ಚಿತ್ರದ ಕತ್ತಲೆ ದೃಶ್ಯಗಳು ಸರಿಯಾಗಿ ಕಾಣಲಿಲ್ಲ, ಅದರಿಂದ ನನ್ನ ತೀರ್ಮಾನ ತಪ್ಪಿತು ಎಂದು ಕಾರಣ ಕೊಟ್ಟೆ. ವಾಲ್ಟೆರ್, "ದೀಪ ಹೋದ ತಿಂಗಳು ತಾನೇ ಹೊಸದು ಹಾಕಿದ್ದು, ದೋನ್ಯಾ ಮಿರ್ತಾ. ಆದ್ರೂ ನೀವು ಹೇಳ್ತೀರಿ ಅಂದ್ರೆ ಹಾಗೇ ಆಗ್ಲಿ. ಗುರುವಾರ ಎದ್ದು ನಿಂತು ಇದನ್ನೇ ಹೇಳಿ" ಅಂದ. ಅವನ ಹೆಂಡತಿ ಕ್ವಿನ್ಸ್ ಹಣ್ಣಿನ ಹಲ್ವ ತಟ್ಟೆಯಲ್ಲಿಟ್ಟು ತಂದಳು. ತಿನ್ನದೆ ಎದ್ದು ಬಂದೆ.

ಹೀಗಾಗಿ ನಿನ್ನ ಚಿತ್ರಕ್ಕೆ ಇನ್ನೊಂದು ಸಲ ಅವಕಾಶ ಇದೆ. ನೀನು ಬೇಸರ ಮಾಡಿಕೊಂಡು ಪ್ರಿಂಟ್ ವಾಪಸು ಕೇಳಬೇಡ, ಅದಕ್ಕೇ ಇಷ್ಟೆಲ್ಲ ಬರೆದೆ. ಕೊನೆಯ ದೃಶ್ಯದ ಪಿಯಾನೊ ಮಾತ್ರ ತೆಗೆದುಹಾಕು, ಅದು ಬೇಕಿಲ್ಲ. ಹುಡುಗಿ ಒಬ್ಬಳೇ ಕೂತು ತನಗೆ ತಾನೇ ಕತೆ ಹೇಳಿಕೊಳ್ಳುವುದೇ ಸಾಕು. ಅಲ್ಲಿ ನಾನೂ ಲೆಕ್ಕ ಹಾಕುವುದು ಬಿಟ್ಟು ಅವಳನ್ನೇ ನೋಡಿದೆ. ಅದನ್ನು ಗುರುವಾರ ಯಾರಿಗೂ ಹೇಳಲಿಲ್ಲ.

ಚಳಿ ಹೆಚ್ಚಿದೆಯಂತೆ, ಉಣ್ಣೆಯ ಸಾಕ್ಸ್ ಹಾಕಿಕೋ. ಊಟ ಬಿಡಬೇಡ.

ನಿನ್ನ ಮುಂದೆ ತಲೆ ತಗ್ಗಿಸಿರುವ
ಅಮ್ಮ
ಮಿರ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಆ ಗುರುವಾರ ನೀನು ಮಾಂಟೆವಿಡಿಯೊದಲ್ಲಿ ಇರಲಿಲ್ಲ. ಸಭಾಂಗಣದ ಹಿಂದಿನ ಬಾಗಿಲ ಪಕ್ಕ, ಕಂಬದ ಮರೆಯಲ್ಲಿ, ಯಾರದೋ ದೊಡ್ಡ ಕೋಟು ಹಾಕಿಕೊಂಡು ಕೂತಿದ್ದೆ. ದೀಪ ಹತ್ತಿದ ಕೂಡಲೇ ನಾನು ನಿನ್ನನ್ನು ಕಂಡೆ. ಆ ಹೆಂಗಸು ಯಾರೆಂದು ನನಗೆ ಮೊದಲ ಶಾಟಿನಲ್ಲೇ ಗೊತ್ತಾಗಿತ್ತು. ಸೈರನ್ ಕೂಡ ನಿಜ, ಆ ದಿನ ನಾನೂ ಅದನ್ನು ಕೇಳಿದ್ದೆ. "ಇದು ಸುಳ್ಳು" ಅಂದದ್ದು ನಿನ್ನ ಮುಖ ನೋಡುತ್ತಲೇ. ನೀನು ಎದ್ದು ಹೋದದ್ದನ್ನೂ ನೋಡಿದೆ, ಆಮೇಲೂ ಮಾತಾಡುತ್ತಲೇ ಇದ್ದೆ. ಮಾರನೆಯ ದಿನ ನೀನು ಏನೂ ತಿಳಿಯದವಳ ಹಾಗೆ ಫೋನ್ ಮಾಡಿ ನನಗೊಂದು ದಾರಿ ಬಿಟ್ಟುಕೊಟ್ಟೆ. ನಾನು ಹಾಲಿನ ನೆಪ ಹೇಳಿದೆ. ಬರುವ ಗುರುವಾರ ದೀಪದ ಮಾತು ಎತ್ತುವುದಿಲ್ಲ. ಆ ಮಾತು ಹೇಳಿದ ತಾಯಿ ನಾನೇ, ಈ ಚಿತ್ರದಲ್ಲಿ ಸುಳ್ಳು ಒಂದೂ ಇಲ್ಲ ಎಂದು ಹೇಳಬೇಕು. ನೀನು ಬರಬೇಡ, ಮಾಯ್ತೆ. ನೀನು ಎದುರಿಗಿದ್ದಾಗ ಸುಳ್ಳು ಹೇಳಿದವಳು ನಾನು. ನೀನು ನೋಡದೆ ಇರುವಾಗಲೂ ನಿಜ ಹೇಳಲು ನನಗೆ ಬರುತ್ತದೆಯೇ ಎಂದು ನನಗೆ ಗೊತ್ತಾಗಬೇಕು.