ಕೇಳಿ ಮುಟ್ಟು ಎಂದ ಆಯಿಗೆ

ನನ್ನ ಸೋಲಾಪುರದ ಆಯಿಗೆ,

ನಿಮ್ಮ ರೇಣುಕಾಳ ಶರಣು. ಮೊನ್ನೆ ಸೋಲಾಪುರಕ್ಕೆ ಹೋಗಿ ನಿಮ್ಮ ಓಣಿಯಲ್ಲಿ ಹಾದು ಬರುವಾಗ ಕಾಲು ತಾನಾಗಿಯೇ ನಿಮ್ಮ ಮನೆಯ ಮೆಟ್ಟಿಲ ಕಡೆ ತಿರುಗಿತು. ಅಯ್ಯೋ, ಕೆಲಸಕ್ಕೆ ತಡವಾಯಿತು ಎಂಬ ಗಾಬರಿ ಬೇರೆ! ನೀವು ಹೋಗಿ ವರ್ಷದ ಮೇಲಾಯಿತೆಂಬುದು ಆಮೇಲೆ ನೆನಪಾಗಿ, ನಿಂತಲ್ಲೇ ನಕ್ಕೆ. ಅಳುತ್ತ ಬರೆದರೆ ನೀವು ಪತ್ರವನ್ನು ಅರ್ಧಕ್ಕೇ ಮಡಚಿ ದಿಂಬಿನ ಕೆಳಗಿಡುತ್ತೀರಿ ಎಂದು ಗೊತ್ತು. ಅದಕ್ಕೇ ನಗುತ್ತಲೇ ಶುರುಮಾಡಿದ್ದೇನೆ.

ನಾನು ಬಂದ ಮೊದಲ ದಿನ ನೆನಪಿದೆಯೇ? ಸೊಂಟದ ಎಲುಬು ಮುರಿದು, ಆಪರೇಷನ್ ಮುಗಿಸಿ ನೀವು ಮನೆಗೆ ಬಂದಿದ್ದಿರಿ. ಮನೆಯಲ್ಲೇ ರೋಗಿಗಳನ್ನು ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಆಫೀಸೊಂದು ನನ್ನನ್ನು ನಿಮ್ಮಲ್ಲಿಗೆ ಕಳಿಸಿತ್ತು. ನನಗಿಂತ ಮೊದಲು ಬಂದವರು ಯಾರೂ ನಿಮ್ಮ ಹತ್ತಿರ ನಿಂತಿರಲಿಲ್ಲವಂತೆ. ನಾನು ಕೈ ತೊಳೆದುಕೊಂಡು, ತರಬೇತಿಯಲ್ಲಿ ಕಲಿತದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ ಸೀದಾ ಒಳಗೆ ಬಂದೆ.

“ಹೊರಗ ನಡಿ,” ಎಂದಿರಿ.

“ಯಾಕ್ರಿ ಆಯಿ?”

“ಬಾಗಲಾ ಬಡದು ಬಾ. ಇದೇನ್ ಎಸ್‌ಟಿ ಬಸ್ ಸ್ಟ್ಯಾಂಡ್ ಅಂತ ತಿಳದೀಯೇನ? ನಾ ಮಲಗೀನಿ ಅಂದ್ರ ಇದು ನನ್ನ ಖೋಲಿ ಅಲ್ಲಂತ ಆತೇನ?”

ಹೊರಗೆ ಹೋಗಿ ಬಾಗಿಲು ಬಡಿದೆ. “ಯಾರು?” ಎಂದಿರಿ, ಏನೂ ಗೊತ್ತಿಲ್ಲದವರ ಹಾಗೆ.

“ರೇಣುಕಾ ರಿ. ಮೈಂದರ್ಗಿ ಕಡಿಯಾಕಿ.”

ನಿಮ್ಮ ದನಿಯೇ ಬದಲಾಯಿತು. ಮೈಂದರ್ಗಿ ನಿಮ್ಮ ತವರೆಂದು ನನಗೇನು ಗೊತ್ತು? ಯಾರ ಮಗಳು ಎಂದು ಕೇಳಿದಿರಿ. ಅಪ್ಪ ಕುರಿ ಮೇಯಿಸುತ್ತಾನೆ ಎಂದೆ. “ಹಂಗಾರ ಬಾ ಒಳಗ. ಮರಿ ಹಿಡದು ರೂಢಿ ಇದ್ದೀತು ನಿನಗ,” ಎಂದಿರಿ.

ಆ ನಂಬಿಕೆ ಬಹಳ ಹೊತ್ತು ಉಳಿಯಲಿಲ್ಲ ಬಿಡಿ. ಮಗ್ಗುಲು ಬದಲಿಸಲೆಂದು ನಿಮ್ಮ ಹೆಗಲಿಗೆ ಕೈ ಹಾಕಿದ್ದೇ ತಡ, “ತಡಿ! ನಾ ಏನ್ ಜ್ವಾಳದ ಚೀಲೇನ? ಕೇಳಿ ಮುಟ್ಟು!” ಎಂದು ಗದರಿದಿರಿ. ಅಂದಿನಿಂದ ನನ್ನ ಬಾಯಿಗೆ ಬಿಡುವೇ ಇಲ್ಲ. “ಆಯಿ, ಎಡಕ್ಕ ಹೊಳ್ಳಸ್ಲೇನ್ರಿ?” “ಆಯಿ, ಬೆನ್ನು ಒರಸ್ಲೇನ್ರಿ?” ಒಮ್ಮೆ ನೀವು “ಬ್ಯಾಡ” ಎಂದಿರಿ. ನಾನು ಒದ್ದೆ ಬಟ್ಟೆ ಹಿಡಿದು ಹಾಗೇ ನಿಂತೆ. ನನ್ನನ್ನೇ ನೋಡಿ, “ಹೂಂ, ಈಗ ಒರಸು,” ಎಂದಿರಿ. ಬೇಡ ಎಂದರೆ ಈ ಹುಡುಗಿ ನಿಜವಾಗಿ ನಿಲ್ಲುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಿರಿ, ಅಲ್ಲವೇ?

ನೀವು ವಾಕರ್ ಹಿಡಿದು ಬಚ್ಚಲಮನೆಗೆ ಹೊರಟಿದ್ದ ಆ ಬೆಳಿಗ್ಗೆಯನ್ನು ಮಾತ್ರ ನಾನು ಇನ್ನೂ ಮರೆತಿಲ್ಲ. ಮಂಚದ ಪಕ್ಕ ಹಾಸಿದ್ದ ಚಾದರ ನುಣ್ಣನೆಯ ಫರಶಿ ಕಲ್ಲಿನ ಮೇಲೆ ಸರ್ರನೆ ಜಾರಿತು. ನಿಮ್ಮ ಸೊಂಟಕ್ಕೆ ಕಟ್ಟಿದ್ದ ಅಗಲವಾದ ಪಟ್ಟಿ ನನ್ನ ಕೈಯಲ್ಲಿತ್ತು. ಹಿಡಿದು ಹಿಂದಕ್ಕೆ ಮಂಚದ ಮೇಲೆ ಕೂರಿಸಿದೆ. ನಿಮಗೆ ಒಂದು ಗೀರೂ ಆಗಲಿಲ್ಲ. ಆದರೆ ನಿಮ್ಮ ಮಗ ರಾಜಣ್ಣಾರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. “ಇನ್ನ ಮ್ಯಾಲ ಅವ್ವನ್ನ ಮಂಚಾ ಬಿಟ್ಟು ಇಳಸಬ್ಯಾಡ. ಎಲ್ಲಾ ಅಲ್ಲೇ ಆಗ್ಲಿ,” ಎಂದುಬಿಟ್ಟರು. ಆಫೀಸಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು. ಮಂಚದ ಕಂಬಿ ಏರಿಸಿಡು, ಡೈಪರ್ ಹಾಕು, ಅದೇ ಸುರಕ್ಷಿತ.

ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದಿರಿ. ಮುರಿದ ಜೋಳದ ಭಕ್ರಿ ತಟ್ಟೆಯಲ್ಲೇ ಒಣಗಿತು. ಬಾಗಿಲು ಬಡಿದರೆ “ಯಾರು” ಎನ್ನಲಿಲ್ಲ. ಬಿಸಿನೀರು ತಂದರೆ ಬೈಯಲಿಲ್ಲ. ಬೈಯದ ಆಯಿಯನ್ನು ನಾನು ಹೇಗೆ ನೋಡಿಕೊಳ್ಳಲಿ? ಅದನ್ನು ಯಾವ ತರಬೇತಿಯಲ್ಲೂ…

ನಾನು ರಾಜಣ್ಣಾರ ಎದುರು ನಿಂತು ಮಾತಾಡಿದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ. ಅವರು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

“ಅಣ್ಣಾರ, ಆಯಿ ಕಾಲು ಸೋತಿಲ್ರಿ. ಚಾದರ ಜಾರೈತಿ.”

“ಖರೇ ಬಿದ್ರ ಏನ್ ಮಾಡ್ಲಿ ರೇಣುಕಾ? ಇನ್ನೊಂದು ಆಪರೇಶನ್ ಅವ್ವ ತಡಕೋತಾಳೇನ?” ಅವ್ವನ ಮೇಲಿನ ಜೀವವೇ ಹಾಗೆ ಮಾತಾಡಿಸುತ್ತಿತ್ತು. ಅದು ತಪ್ಪೆಂದು ಹೇಗೆ ಹೇಳಲಿ?

“ಹಿಂಗ ಮಲಗೇ ಇದ್ರ ಕಾಲಾಗಿನ ಬಲಾ ಹೋಗ್ತದ್ರಿ. ಬೆನ್ನಿಗಿ ಹುಣ್ಣ ಏಳತಾವ. ಜಾರೂ ವಸ್ತು ತಗಿಯೂಣ್ರಿ. ಆಯಿನ್ನ ಯಾಕ ಕಟ್ಟಿ ಹಾಕೂದು?”

ಅವರು ಅಂಗಡಿಗೆ ಹೊರಟುಹೋದರು. ಸಂಜೆ ಬರುವಾಗ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನನ್ನು ಕರೆದುಕೊಂಡೇ ಬಂದರು. ಆ ಡಾಕ್ಟರಮ್ಮ ನಿಮ್ಮನ್ನು ನಿಲ್ಲಿಸಿ, ಕೂರಿಸಿ, ಮನೆಯೆಲ್ಲ ತಿರುಗಾಡಿ ನೋಡಿ, ನಡೆಯಲೇಬೇಕು, ಮನೆಯನ್ನು ಸರಿಮಾಡಿ ಎಂದರು. ಮರುದಿನವೇ ಗಾರೆ ಕೆಲಸದ ಗೌಂಡಿ ಬಂದ. ಬಚ್ಚಲ ಗೋಡೆಗೆ ಹಿಡಿಕೆಗಳು ಬಂದವು, ನೆಲಕ್ಕೆ ಒರಟು ಫರಶಿ ಬಂತು.

ಎಲ್ಲಕ್ಕೂ ಒಪ್ಪಿದ ನೀವು ಚಾದರ ತೆಗೆಯಲು ಮಾತ್ರ ಒಪ್ಪಲಿಲ್ಲ! “ರಾಜಾ, ನಿಮ್ಮಪ್ಪ ಚಾದರದ ಅಂಗಡಿ ತಗದಾಗ ಮೊದಲ ಗಂಟಿನಾಗ ಬಂದಿದ್ದು ಇದು. ಇದನ್ನ ತಗದ್ರ ನನ್ನೂ ತಗೀರಿ.” ಕೊನೆಗೆ ರಾಜಣ್ಣಾರು ಸ್ಟೂಲ್ ಹತ್ತಿ ಮೊಳೆ ಹೊಡೆದು ಅದನ್ನು ನಿಮ್ಮ ಎದುರಿನ ಗೋಡೆಗೆ ತೂಗುಹಾಕಿದರು. ನೀವು ಮಲಗಿದಲ್ಲಿಂದಲೇ ನೋಡಿ, “ನೆಲದ ಮ್ಯಾಲಿದ್ದಾಗ ಅದರಾಗ ನವಿಲ ಐತಿ ಅಂತ ಗೊತ್ತೇ ಇರಲಿಲ್ಲ,” ಎಂದಿರಿ. ಸೀರೆ ಕಾಲಿಗೆ ಸಿಗುತ್ತದೆ, ಗೌನ್ ಹಾಕಿಕೊಳ್ಳಿ ಎಂದರೆ, “ಗೌನ್ ಹಾಕ್ಕೊಂಡು ನಾ ಏನ್ ಸಿನೇಮಾದಾಗ ಕುಣೀಲೇನ?” ಎಂದು ಎದ್ದು ಕೂತಿರಿ. ಇಳಕಲ್ ಸೀರೆಯನ್ನು ಮೇಲಕ್ಕೆ ಎತ್ತಿ ಕಟ್ಟಿದ ಮೇಲೆ ಕನ್ನಡಿ ತರಿಸಿದಿರಿ. “ಹೊಲಕ್ಕ ಹೊಂಟಂಗ ಕಾಣ್ತೀನಲ್ಲ!” ಮನೆಯಲ್ಲಿ ಮತ್ತೆ ನಿಮ್ಮ ಬೈಗುಳ ಕೇಳಿಸತೊಡಗಿತು. ಆ ದಿನ ನಾನು ಎಷ್ಟು ಉಂಡೆ ಎಂದು ನಿಮಗೆ ಹೇಳಿಲ್ಲ.

ಅಕ್ಕಲಕೋಟೆಗೆ ಹೋದ ದಿನವಂತೂ ನಮಗೆ ಮದುವೆಯ ದಿಬ್ಬಣವೇ. ಅಲ್ಲಿರುವ ನಿಮ್ಮ ತಂಗಿಯನ್ನು ನೋಡದೆ ಎಷ್ಟೋ ಕಾಲವಾಗಿತ್ತು. ಅವರಿಗೂ ಮೊಣಕಾಲು ಕೆಟ್ಟು ಎಲ್ಲಿಗೂ ಬರುವಂತಿರಲಿಲ್ಲ. ಕಾರಿನ ಸೀಟಿಗೆ ಗಟ್ಟಿ ದಿಂಬು ಇಟ್ಟೆವು. ದಾರಿಯಲ್ಲಿ ಇಳಿಸಿ ಸ್ವಲ್ಪ ನಡೆಸಿದೆವು. ಜೋಳದ ಹೊಲದ ಬದಿಯಲ್ಲಿ ವಾಕರ್ ಹಿಡಿದು ನಿಂತ ನಿಮ್ಮನ್ನು ಎಸ್‌ಟಿ ಬಸ್ಸಿನಲ್ಲಿದ್ದವರು ಕುತ್ತಿಗೆ ಚಾಚಿ ನೋಡಿದರು. ನೀವು ಅವರಿಗೆ ಕೈಬೀಸಿದಿರಿ! ತಂಗಿಯ ಮನೆಯಲ್ಲಿ ಇಬ್ಬರೂ ತಬ್ಬಿಕೊಂಡು ಅಳುತ್ತೀರೇನೋ ಎಂದು ನಾನು ಸೆರಗು ಹಿಡಿದು ಕಾಯುತ್ತಿದ್ದರೆ…

“ಅವ್ವನ ತಾಮ್ರದ ಕೊಡಾ ಬಾವ್ಯಾಗ ಬಿಟ್ಟಾಕಿ ನೀನ,” ಎಂದರು ಅವರು.

“ನಾ ಅಲ್ಲ, ನೀನ!” ನೀವು ಅವರ ಕಿವಿಯ ಹತ್ತಿರ ಕೂಗಿದಿರಿ. ಅವರಿಗೆ ಆಗಲೇ ಕಿವಿ ಮಂದವಾಗಿತ್ತು.

ಶೇಂಗಾ ಹೋಳಿಗೆ ತಿನ್ನುತ್ತ ಆ ಜಗಳ ಸಂಜೆಯವರೆಗೂ ನಡೆಯಿತು. ಹೊರಡುವ ಮುಂಚೆ ನೀವು ಅವರ ಬಚ್ಚಲಮನೆಯನ್ನು ನೋಡಬೇಕೆಂದು ಹಟ ಹಿಡಿದಿರಿ. ಬಾಗಿಲಲ್ಲೇ ನಿಂತು, “ಇದೇನ ಇದು, ಪಾಚಿ! ರಾಜಾ, ನಮ್ಮ ಗೌಂಡಿನ್ನ ಇಲ್ಲೀಗೂ ಕಳಸು,” ಎಂದು ಹುಕುಂ ಮಾಡಿದಿರಿ. ರಾಜಣ್ಣಾರು ನಗುತ್ತ ಆಗಲೇ ಫೋನ್ ತೆಗೆದಿದ್ದರು.

ನೀವು ಹೊರಟ ಮಧ್ಯಾಹ್ನವೂ ನಿಮ್ಮ ಹಾಗೆಯೇ ಇತ್ತು. ಚಹಾ ಕುಡಿದಿರಿ, ಸಕ್ಕರೆ ಹೆಚ್ಚಾಯಿತೆಂದು ಬೈದಿರಿ, ಮಲಗಿದಿರಿ, ಮತ್ತೆ ಏಳಲಿಲ್ಲ. ನಿಮ್ಮ ಬೆನ್ನ ಮೇಲೆ ಒಂದೂ ಹುಣ್ಣಿರಲಿಲ್ಲ ಆಯಿ. ಕೊನೆಯ ಸ್ನಾನ ಮಾಡಿಸುವಾಗ ಓಣಿಯ ಹೆಂಗಸರೆಲ್ಲ ಅದನ್ನೇ ಮೆಚ್ಚಿ ಮಾತಾಡಿದರು.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ರಾಜಣ್ಣಾರು ಆಫೀಸಿನವರೊಂದಿಗೆ ಮಾತಾಡಿ ನನ್ನನ್ನು ನಿಮ್ಮ ತಂಗಿಯ ಮನೆಗೆ ಹಾಕಿಸಿದರು. ಅವರನ್ನು ನಾನು ಸಣ್ಣಾಯಿ ಎನ್ನುತ್ತೇನೆ. ಅವರಿಗೆ ಈಗ ಕಿವಿ ಪೂರ್ತಿ ಹೋಗಿದೆ. ಮೊದಲ ದಿನವೇ ನನಗೆ ಪೇಚಾಟ. ಕೇಳದವರನ್ನು ಕೇಳಿ ಮುಟ್ಟುವುದು ಹೇಗೆ? ಪಾಟಿಯ ಮೇಲೆ ಬರೆಯೋಣವೆಂದರೆ ಅವರು ಮೈಂದರ್ಗಿಯ ಕನ್ನಡ ಸಾಲಿಯಲ್ಲಿ ಕಲಿತವರು, ನಾನು ಮರಾಠಿ ಸಾಲಿಯಲ್ಲಿ ಓದಿದವಳು. ಮನೆಯಲ್ಲಿ ಆಡುವ ಮಾತು ಕನ್ನಡವಾದರೂ ನನಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ. ಚಿತ್ರ ಬರೆದು ತೋರಿಸಿದೆ. ಕೈ, ತಂಬಿಗೆ, ಬಾಚಣಿಗೆ. ಸಣ್ಣಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಇದು ಕೈಯೋ ಬದನಿಕಾಯೋ? ಹುಡಿಗಿ, ಕೂಡು ಇಲ್ಲಿ. ಅಕ್ಷರಾ ಕಲಸ್ತೀನಿ.”

ಊಟವಾದ ಮೇಲೆ ದಿನಾ ಪಾಠ. ಸ್ನಾನ ಮಾಡಿಸಲೇ, ಏಳುತ್ತೀರಾ, ನೋವಿದೆಯೇ ಎಂಬುದರಿಂದಲೇ ನನ್ನ ಓದು ಶುರುವಾಯಿತು. ಈಗ ಅಕ್ಕಲಕೋಟೆಯಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸರಿಗೆ ಕಲಿಸುವ ಕೆಲಸವನ್ನು ಆಫೀಸಿನವರು ನನಗೇ ಕೊಟ್ಟಿದ್ದಾರೆ. ಮೊದಲ ದಿನ ಅವರನ್ನೇ ಮಂಚದ ಮೇಲೆ ಮಲಗಿಸಿ, ಹೇಳದೆ ಕೇಳದೆ ಒಮ್ಮೆ ಹೊರಳಿಸುತ್ತೇನೆ. ಬೆಚ್ಚಿಬೀಳುತ್ತಾರೆ. ಆಮೇಲೆ ಹೆಚ್ಚು ಹೇಳಬೇಕಾಗುವುದಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಕೇಳಿಯೇ ಮುಂದುವರಿಯಬೇಕೆಂಬುದು ಆಫೀಸಿನ ನಿಯಮವೂ ಆಗಿದೆ. ಇದು ಇಷ್ಟಕ್ಕೇ ನಿಲ್ಲದ ಹಾಗೆ ನೋಡಿಕೊಳ್ಳುತ್ತೇನೆ, ಮಾತು ಕೊಡುತ್ತೇನೆ.

ಆಯಿ, ಇದು ನಾನು ಕನ್ನಡದಲ್ಲಿ ಬರೆದ ಮೊದಲ ಪತ್ರ. ಸಣ್ಣಾಯಿ ಕನ್ನಡಕ ಹಾಕಿಕೊಂಡು, ತಿದ್ದುವುದಕ್ಕೆ ಪೆನ್ನು ಹಿಡಿದು ಪಕ್ಕದಲ್ಲೇ ಕೂತಿದ್ದಾರೆ. ಕೆಳಗೆ ಸ್ವಲ್ಪ ಜಾಗ ಬಿಡು ಎನ್ನುತ್ತಿದ್ದಾರೆ. ಇನ್ನು ಮುಂದಿನದು ಅವರ ಅಕ್ಷರ.

ಅಕ್ಕಾ, ನಾ ಆರಾಮ ಅದೀನಿ. ದಿನಾ ಅಂಗಳದ ತನಕ ನಡೀತೀನಿ. ಹುಡಿಗಿ ಛಲೋ ನೋಡ್ತಾಳ. ಒತ್ತಕ್ಷರಾ ಮಾತ್ರ ಇನ್ನೂ ತಪ್ಪತಾಳ, ಅದನ್ನ ಕಲಸೂ ತನಕ ನಾ ನಿನ್ನ ಕಡಿ ಬರಂಗಿಲ್ಲ.