ನಮ್ಮ ರಿವಾಯತ್ ಪದವನ್ನು ಎರಡು ಸಲ ಬಂದು ತುಂಬಿಕೊಂಡು ಹೋದ ಸಾಹೇಬರಿಗೆ

ಮಾನ್ಯರೇ, ನಾನು ಐದನೇ ತರಗತಿಗೆ ಸಾಲಿ ಬಿಟ್ಟವನು. ಅಕ್ಷರ ಸೊಟ್ಟಗಿವೆ, ಒತ್ತುಗಳು ಎಲ್ಲೆಲ್ಲೋ ಬಿದ್ದಿವೆ, ಕ್ಷಮಿಸಬೇಕು. ಬಾಯಿಬಿಟ್ಟು ಕೇಳೋಣವೆಂದರೆ ನಿಮ್ಮ ಜೀಪಿನ ಮುಂದೆ ನಾಲಿಗೆ ಏಳಲಿಲ್ಲ. ಕೇಳಬೇಕಾದದ್ದು ಇಷ್ಟೇ: ನಮ್ಮ ಮೇಳದ ಹಾಡನ್ನು ನಿಮ್ಮ ಯಂತ್ರದಲ್ಲಿ ಒಂದೇ ಸಲಕ್ಕೆ ತುಂಬಿಕೊಳ್ಳದೆ, ಎರಡು ದಿನ ಬಂದು ಎರಡು ತುಂಡಾಗಿ ಏಕೆ ತುಂಬಿಕೊಂಡಿರಿ?

ಜವಳಗೇರಾ ಕಡೆಯ ನಮ್ಮೂರಲ್ಲಿ ಮೊಹರಂಗೆ ಗಂಡಸರು ಹಾಡುವ ರಿವಾಯತ್ ಮೇಳವನ್ನು ಕಟ್ಟಿದವರು ನನ್ನಜ್ಜ ಜಂಗ್ಲಿಸಾಬ್ ಮತ್ತು ಅವನ ಗೆಳೆಯ ಮೈಲಾರಲಿಂಗಪ್ಪ. ಮಸೂತಿ ಕಟ್ಟೆಯ ಮೇಲೆ ಎರಡು ಚಾಪೆ ಎದುರುಬದುರು. ಒಂದು ಚಾಪೆಯವರು ಸವಾಲು ಹಾಡಿದರೆ ಇನ್ನೊಂದು ಚಾಪೆಯವರದು ಜವಾಬು. ಎದುರಿನವರ ನುಡಿ ಕೇಳಿ ಕೇಳಿ ಎಲ್ಲರಿಗೂ ಬರುತ್ತದೆ. ಆದರೆ ಅದನ್ನು ನಮ್ಮ ಬಾಯಲ್ಲಿ ತರಬಾರದು ಎಂಬುದು ಅಜ್ಜಂದಿರು ಮಾಡಿದ ನೇಮ. ಎದುರಿನ ಚಾಪೆ ಖಾಲಿಯಿದ್ದರೆ ಹಾಡೇ ಇಲ್ಲ. ನೀವು ಇದನ್ನು ದಡ್ಡತನ ಅನ್ನಬಹುದು.

ಹೋದ ವರ್ಷ ಕಾಲುವೆ ನೀರಿನ ಪಾಳಿಗಾಗಿ ನಮ್ಮ ಸವಾಲಿನ ಚಾಪೆಯ ನನ್ನೇಸಾಬ ಮಾಮಾ, ಜವಾಬಿನ ಚಾಪೆಯ ವೆಂಕೋಬ ಕಾಕಾ ಒಬ್ಬರ ಮೇಲೊಬ್ಬರು ಸಲಿಕೆ ಎತ್ತಿಕೊಂಡು ನಿಂತಿದ್ದರು. ಆದರೂ ಮೊಹರಂಗೆ ಇಬ್ಬರೂ ಬಂದರು.

"ನಿನ್ನ ಮಾರಿ ನೋಡಾಕ ಬಂದಿಲ್ಲಲೇ ವೆಂಕೋಬ, ನಿನ್ನ ಜವಾಬು ಕೇಳಾಕ ಬಂದೀನಿ."

"ಮೊದಲು ನೀ ಸವಾಲು ನೆಟ್ಟಗ ಹಾಡಲೇ. ಪದಕ್ಕಿಂತ ಕೆಮ್ಮೇ ಭಾಳ ಆಗೈತಿ ನಿಂದು."

ಮೂರನೇ ಪದಕ್ಕೆ ನನ್ನೇಸಾಬ ಮಾಮಾ ಕೈ ಚಾಚಿ, "ತಂಬಾಕು ಐತೇನಲೇ?" ಎಂದ. ಮರುದಿನ ನೀರು ಪಾಳಿಯಂತೆ ಹರಿಯಿತು. ನಿಮ್ಮ ಯಾವ ಕಚೇರಿ ಇದನ್ನು ಮಾಡಿಸುತ್ತಿತ್ತು ಹೇಳಿ?

ಇಂಥ ಊರಿಗೆ ನೀವು ಕಲೆ ಉಳಿಸಲು ಬಂದಿರಿ. ಒಂದು ದಿನ ನನ್ನೇಸಾಬ ಮಾಮಾನ ಚಾಪೆಯವರನ್ನು ಕರೆದಿರಿ, ಇನ್ನೊಂದು ದಿನ ವೆಂಕೋಬ ಕಾಕಾನವರನ್ನು. "ದನಿ ಸ್ವಚ್ಛ ಬರಬೇಕು" ಅಂದಿರಿ. ಎದುರು ಕೂತವರ ಉಸಿರೇನು ಕೊಳೆಯೇ? ಚಹಾ ಕುಡಿಸಿದಿರಿ, ನೇಮ ಮುರಿದು ಹಾಡಿದ ನಮಗೆ ಶಾಲು ಹೊದಿಸಿದಿರಿ. ನಮ್ಮಂಥವರಿಗೆ ಅಧಿಕಾರಿಗಳು ಸುಮ್ಮನೆ ಶಾಲು ಹೊದಿಸಿದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಯಂತ್ರದಲ್ಲಿ ಎರಡೂ ತುಂಡು ಹೊಲಿದು ಎಲ್ಲರ ಮೊಬೈಲಿಗೆ ಕಳಿಸಿದಿರಿ. ಈ ಸಲ ಕಟ್ಟೆಯ ಮೇಲೆ ಸ್ಪೀಕರ್ ಇಟ್ಟು ಅದನ್ನೇ ಹಚ್ಚಬೇಕೆಂದು ಹೇಳಿಕಳಿಸಿದ್ದೀರಿ. ಗದ್ದಲ ಇರುವುದಿಲ್ಲವಂತೆ.

ನೀರಿನ ಜಗಳ ಈ ವರ್ಷ ಮತ್ತೆ ಎದ್ದಿದೆ. ಮೇಳಕ್ಕೆ ಕರೆಯಲು ಹೋದರೆ ವೆಂಕೋಬ ಕಾಕಾ, "ಡಬ್ಬಿ ಹಾಡತೈತಿ ಬಿಡೋ ಆಸೀಫಾ. ಆ ಮನಷ್ಯಾನ ಎದುರು ನಾ ಯಾಕ ಕುಂದರಬೇಕು?" ಅಂದ. ನನ್ನೇಸಾಬ ಮಾಮಾ ಮೊಬೈಲ್ ಎತ್ತಿ ತೋರಿಸಿದ. ಸಾಹೇಬರೇ, ಇದು ನಿಮಗೆ ತಿಳಿಯದೆ ಆದದ್ದೋ, ತಿಳಿದೇ ಮಾಡಿದ್ದೋ? ಎರಡು ಚಾಪೆ ಕೂಡದಿದ್ದರೆ ಯಾರಿಗೆ ಅನುಕೂಲ?

ಸ್ಪೀಕರ್ ತರಬೇಡಿ. ಆ ಡಬ್ಬಿಯ ಹಾಡನ್ನು ನಮ್ಮ ಕಟ್ಟೆಯಲ್ಲಿ ಹಚ್ಚಬಾರದೆಂದು ನೀವೇ ಬಂದು, ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿ ಹೇಳಿ. ಬೇರೆ ಬೇರೆ ಕರೆದವರು ನೀವು. ಒಟ್ಟಿಗೆ ಕರೆಯುವುದೂ ನಿಮ್ಮ ಮೇಲಿದೆ. ಶಾಲು ಬೇಡ.

ಇವತ್ತು ಮುಂಜಾನೆ ಕಟ್ಟೆಯ ಕಸ ಹೊಡೆದು, ಎರಡೂ ಚಾಪೆ ಝಾಡಿಸಿ ಎದುರುಬದುರು ಹಾಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಇಟ್ಟು ಬಂದಿದ್ದೇನೆ.

ಇಂತಿ,
ಅರ್ಧ ಹಾಡಷ್ಟೇ ಹಾಡಬಲ್ಲ
ಆಸೀಫ್, ಸವಾಲಿನ ಚಾಪೆಯವನು