ಕಡಲಲ್ಲಿ ಅದ್ದಿದ ಜಮಖಾನ

೨೭ ಮೇ ೧೯೪೬, ಸೋಮವಾರ

ಮೈದುನನ ಮಗ ತಿಮ್ಮಪ್ಪ ಮೊನ್ನೆ ತನ್ನ ಹಳೇ ಕಾರಿನಲ್ಲಿ ಕಾಲಡಿ ಹಾಸುವ ಜಮಖಾನ ತಂದು ನನ್ನ ಮುಂದೆ ಎಸೆದ. ತುಂಬ ಎಲೆಯಡಿಕೆ ಉಗುಳಿನ ಕಲೆ. "ಹ್ವಾಯ್ ದೊಡ್ಡಮ್ಮ, ಕಲೆ ತೆಗೂಕೆ ನಿಮ್ಮನ್ ಬಿಟ್ರೆ ಯಾರಿದ್ರ್?"

ಹೋದ ವರ್ಷ ಹೆರಿಗೆ ನೋವು ತಿನ್ನುತ್ತಿದ್ದ ಮಗಳು ಬೇಬಿಯನ್ನು ಆಸ್ಪತ್ರೆಗೆ ಒಯ್ಯಲು ಇದೇ ಕಾರು ಕೇಳಿದ್ದೆ. "ಜಮಖಾನಕ್ಕೆ ರಕ್ತ ಆತ್ತ್, ಎತ್ತಿನ ಗಾಡಿ ಕಟ್ಟಿ" ಎಂದಿದ್ದ. ಗಾಡಿಯಲ್ಲೇ ಹೆತ್ತಳು. ಕೂಸು ಉಳಿಯಲಿಲ್ಲ.

"ಕೊಡ್ ಮಗಾ, ಹೊಸ್ತ್ ಮಾಡಿ ಕೊಡ್ತೆ" ಎಂದೆ. ಅಂಟುವಾಳ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಕಲೆ ತೆಗೆದೆ. ಆಮೇಲೆ ಬಾವಿಯ ಸಿಹಿನೀರು ಬಿಟ್ಟು ಕೋಡಿಯ ಕಡಲತೀರಕ್ಕೆ ಹೊತ್ತು, ಕಡಲ ನೀರಿನಲ್ಲೇ ಮೂರು ಸಲ ಅದ್ದಿದೆ. ಬಿಸಿಲಿಗೆ ಚೆಂದ ಒಣಗಿತು. ಇವತ್ತು ಹಲ್ಲು ಕಿರಿದು ಒಯ್ದ.

ಉಪ್ಪು ಕುಡಿದ ಬಟ್ಟೆ ಮಳೆಗಾಲದ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಒಣಗುವುದುಂಟೇ? ಮಳೆಗೆ ಇನ್ನು ಹತ್ತೇ ದಿನ. ಒದ್ದೆಯಲ್ಲೇ ಕಾಲಿಟ್ಟು ಕೂರಲಿ, ಮುಗ್ಗಲು ವಾಸನೆ ಕುಡಿಯಲಿ. ಬೇಬಿಗೆ ಹೇಳಿದರೆ ನಕ್ಕಾಳೇನೋ. ಅವಳು ನಕ್ಕದ್ದು ನೋಡದೆ ವರ್ಷವಾಯಿತು.